ವಿಜಯಪುರದಲ್ಲಿ ಕುಳಿತು ಗ್ಯಾಲಕ್ಸಿ ತೂಗುವುದು ಹೇಗೆ?

"ಸರ, ಹೊರದೇಶದವ್ರು ಆನ್‌ಲೈನ್‌ದಾಗ ಡಾರ್ಕ್ ಮ್ಯಾಟರ್ ರಿಸರ್ಚ್ ಕೋರ್ಸ್ ನಡಸ್ತಾರಂತ. ಇಲ್ಲೇ ಕುಂತು ಮಾಡಾಕ ಬರ್ತದೇನ್ರಿ?" ಬಿಎಸ್ಸಿ ಮಕ್ಕಳು ಆಗಾಗ ಕೇಳುತ್ತಾರೆ. ಖಂಡಿತ ಬರುತ್ತದೆ. ದೂರದರ್ಶಕ ಬೇಡ. ಹಳೆಯ ಲ್ಯಾಪ್‌ಟಾಪ್, ಮೊಬೈಲ್ ಹಾಟ್‌ಸ್ಪಾಟ್, 200 ಪುಟದ ಒಂದು ವಹಿ ಸಾಕು. ಆದರೆ ಅರ್ಜಿ ತುಂಬುವ ಮೊದಲು ನಿಮ್ಮ ಕೈಯಾರೆ ಒಂದು ಗ್ಯಾಲಕ್ಸಿ ತೂಗಿ ನೋಡಿ. ದಿನಕ್ಕೊಂದು ತಾಸಿನಂತೆ ಒಂದು ವಾರದ ಕೆಲಸ.

ಮೊದಲು ವಿಷಯ ತಲೆಗೆ ಇಳಿಯಬೇಕು. ಅಜ್ಜನ ಕಾಲದ ಹಂತಿ ನೆನಪಿಸಿಕೊಳ್ಳಿ. ಕಣದ ನಡುವೆ ಮೇಟಿ, ಅದಕ್ಕೆ ಸಾಲಾಗಿ ಕಟ್ಟಿದ ಎತ್ತುಗಳು, ಕಾಲಡಿ ಜೋಳದ ತೆನೆ. ಮೇಟಿ ಪಕ್ಕದ ಎತ್ತು ನಿಧಾನ ತಿರುಗಿದರೂ ನಡೆಯುತ್ತದೆ, ಹೊರಗಿನದು ಬಿರಬಿರನೆ ಹೆಜ್ಜೆ ಹಾಕಬೇಕು. ಗ್ರಹಗಳದ್ದು ಉಲ್ಟಾ. ಅಲ್ಲಿ ಹಗ್ಗ ಇಲ್ಲ, ಸೂರ್ಯನ ಸೆಳೆತ ಮಾತ್ರ. ದೂರ ಹೋದಷ್ಟೂ ಅದು ಸಡಿಲ. ಬುಧ ಸೆಕೆಂಡಿಗೆ 47 ಕಿ.ಮೀ. ಓಡುತ್ತದೆ, ಭೂಮಿ 30, ನೆಪ್ಚೂನ್ ಬರೀ 5.4. ಗ್ಯಾಲಕ್ಸಿಯ ಅಂಚಿನ ನಕ್ಷತ್ರಗಳೂ ಹೀಗೇ ನಿಧಾನ ಇರಬೇಕಿತ್ತು, ಅಲ್ವಾ? 1970ರಲ್ಲಿ ಅಮೆರಿಕದ ಖಗೋಳ ವಿಜ್ಞಾನಿಗಳಾದ ವೆರಾ ರೂಬಿನ್ ಮತ್ತು ಕೆಂಟ್ ಫೋರ್ಡ್ ಆಂಡ್ರೊಮಿಡಾ ಗ್ಯಾಲಕ್ಸಿಯನ್ನು ಅಳೆದರು. ಹೊರಗೆ ಹೋದರೂ ವೇಗ ಹಾಗೆ ಇಳಿಯಲಿಲ್ಲ. ಮುಂದೆ ಬೇರೆ ಬೇರೆ ಗ್ಯಾಲಕ್ಸಿಗಳಲ್ಲೂ ಇದೇ ಕಂಡಿತು. ಕಣ್ಣಿಗೆ ಕಾಣದ ತೂಕ ಏನೋ ಹಿಡಿದಿಟ್ಟಿದೆ ಅನ್ನುವುದು ಹೆಚ್ಚಿನ ವಿಜ್ಞಾನಿಗಳ ಮಾತು. ಅದೇ ಡಾರ್ಕ್ ಮ್ಯಾಟರ್. ಅದರ ಕಣ ಇನ್ನೂ ಯಾರ ಕೈಗೂ ಸಿಕ್ಕಿಲ್ಲ.

ಈಗ ಅಂಕಿಗಳು. 2016ರಲ್ಲಿ ಬಂದ 'ಸ್ಪಾರ್ಕ್' ಎಂಬ ಸಂಗ್ರಹದಲ್ಲಿ 175 ಗ್ಯಾಲಕ್ಸಿಗಳ ವೇಗ ಇದೆ. ಉಚಿತ. ಅದರಲ್ಲಿ ಎನ್‌ಜಿಸಿ 3198ರ ಕಡತ ಇಳಿಸಿಕೊಳ್ಳಿ. ಇದು ಸಪ್ತರ್ಷಿ ಮಂಡಲದ ಕಡೆ ಇರುವ ಗ್ಯಾಲಕ್ಸಿ. ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ಬಂದರೆ, ಅದನ್ನು ಬ್ರೌಸರ್‌ನಲ್ಲೇ ಓಡಿಸುವ ಗೂಗಲ್ ಕೊಲ್ಯಾಬ್ ತೆರೆಯಿರಿ, ಬಾರದಿದ್ದರೆ ಎಕ್ಸೆಲ್ ಆದೀತು. ಅಡ್ಡಗೆರೆಗೆ ಕೇಂದ್ರದಿಂದ ದೂರ, ಉದ್ದಗೆರೆಗೆ ಅಳೆದ ವೇಗ. ಚುಕ್ಕೆ ಇಟ್ಟಂತೆ ಇಟ್ಟಂತೆ ಗೆರೆ ಮೇಲೇರಿ, ಆಮೇಲೆ ಹೆಚ್ಚುಕಡಿಮೆ ಸಪಾಟಾಗಿ ಓಡುತ್ತದೆ. ಆ ಸಪಾಟು ಗೆರೆ ನಿಮ್ಮ ಪರದೆಯ ಮೇಲೆ ಮೂಡುವ ಗಳಿಗೆ ಬಹಳ ದೊಡ್ಡದು.

ಮುಂದಿನ ಹೆಜ್ಜೆಯಲ್ಲೇ ಮಕ್ಕಳು ಜಾಸ್ತಿ ಎಡವುವುದು. ಕಡತದಲ್ಲಿ ಅನಿಲ, ನಕ್ಷತ್ರಗಳ ತಟ್ಟೆ, ನಡುವಿನ ಉಬ್ಬು, ಮೂರಕ್ಕೂ ಬೇರೆ ಬೇರೆ ವೇಗದ ಕಾಲಂ ಇದೆ. ಸುಮ್ನೆ ಕೂಡಿಸಬೇಡಿ. ಪ್ರತಿಯೊಂದನ್ನೂ ವರ್ಗ ಮಾಡಿ ಕೂಡಿಸಿ, ಆಮೇಲೆ ವರ್ಗಮೂಲ ತೆಗೆಯಿರಿ. ಕಾಣುವ ವಸ್ತು ಮಾತ್ರ ಇದ್ದರೆ ಇರಬೇಕಾದ ವೇಗ ಅದು. ಕೂಡಿಸುವ ಮೊದಲು ತಟ್ಟೆಯ ವರ್ಗವನ್ನು 0.5ರಿಂದ ಗುಣಿಸಿ. ಸೂರ್ಯನಷ್ಟು ಬೆಳಕಿಗೆ ಸೂರ್ಯನಷ್ಟೇ ತೂಕ ಎಂದು ಹಿಡಿದು ಆ ಕಾಲಂ ಬರೆದಿದ್ದಾರೆ, ಅದು ಹೆಚ್ಚಾಗುತ್ತದೆ. ಕೆಲವು ಗ್ಯಾಲಕ್ಸಿಗಳ ನಡುಭಾಗದಲ್ಲಿ ಅನಿಲದ ಅಂಕಿಗೆ ಮೈನಸ್ ಇರುತ್ತದೆ. ತಪ್ಪು ಮುದ್ರಣ ಎಂದು ಅಳಿಸಬೇಡಿ. ಅಲ್ಲಿ ಹೊರಗಿನ ಅನಿಲ ಹೊರಕ್ಕೆ ಎಳೆಯುತ್ತಿದೆ, ವರ್ಗ ಮಾಡಿದ ಮೇಲೂ ಆ ಮೈನಸ್ ಉಳಿಸಿ.

ಈಗ ಅಳೆದ ವೇಗದ ಗೆರೆ, ಕಾಣುವ ವಸ್ತುವಿನ ವೇಗದ ಗೆರೆ, ಎರಡನ್ನೂ ಜೋಡಿಸಿ ನೋಡಿ. 30 ಕಿಲೋಪಾರ್ಸೆಕ್, ಅಂದರೆ ಸುಮಾರು 98 ಸಾವಿರ ಜ್ಯೋತಿರ್ವರ್ಷ ದೂರದಲ್ಲಿ ಅಳೆದ ವೇಗ ಸೆಕೆಂಡಿಗೆ ಸುಮಾರು 150 ಕಿ.ಮೀ. ಕಾಣುವ ವಸ್ತುವಿನಿಂದ ಬರುವ ವೇಗ ಅದರ ಅರ್ಧದ ಆಸುಪಾಸು. ತೂಕ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಹಾಗಾಗಿ ವೇಗ ಅರ್ಧ ಎಂದರೆ ತೂಕ ಕಾಲು ಭಾಗ. ಅಳೆದ ವೇಗದ ವರ್ಗವನ್ನು ಕಿಲೋಪಾರ್ಸೆಕ್ ಲೆಕ್ಕದ ದೂರದಿಂದ ಗುಣಿಸಿ, 0.0000043ರಿಂದ ಭಾಗಿಸಿ. ಈ ಅಳತೆಗಳಲ್ಲಿ ಗುರುತ್ವ ಸ್ಥಿರಾಂಕದ ಬೆಲೆ ಅದು. ಸೂರ್ಯನ ಲೆಕ್ಕದಲ್ಲಿ ಆ ದೂರದೊಳಗಿನ ಒಟ್ಟು ತೂಕ ಸಿಗುತ್ತದೆ: ಸುಮಾರು 15,700 ಕೋಟಿ ಸೂರ್ಯರು. ಅದರಲ್ಲಿ ಮುಕ್ಕಾಲು ಪಾಲು ಕಾಣುವುದೇ ಇಲ್ಲ.

ಇಷ್ಟಾದ ಮೇಲೆ ಅರ್ಜಿ ತುಂಬಿ. ನಾನು ಮಕ್ಕಳಿಗೆ ಹೇಳುವುದು ಇಷ್ಟು: ಮಾರ್ಗದರ್ಶಕರು ವಾರಕ್ಕೆ ಎಷ್ಟು ತಾಸು ಸಿಗುತ್ತಾರೆ, ಅವರು ಬರೆದ ಪ್ರಬಂಧ ಅರ್‌ಕೈವ್ (arXiv) ಎಂಬ ಸಂಶೋಧನಾ ಪ್ರಬಂಧಗಳ ಜಾಲತಾಣದಲ್ಲಿ ಇದೆಯೇ, ನೋಡಿ. ಅಲ್ಲಿ ಓದಲು ದುಡ್ಡು ಬೇಡ. "ನಿಮ್ಮ ಹೆಸರಲ್ಲಿ ಪೇಪರ್ ಗ್ಯಾರಂಟಿ" ಎಂದು ಡಾಲರ್ ಕೇಳುವವರ ಹತ್ತಿರ ಹೋಗಬೇಡಿ. ಫಲಿತಾಂಶಕ್ಕೆ ಮೊದಲೇ ಗ್ಯಾರಂಟಿ ಕೊಟ್ಟರೆ ಅದು ಸಂಶೋಧನೆ ಆಗುವುದಿಲ್ಲ.

ಸಮಯ ನೋಡಿಕೊಳ್ಳಿ. ನ್ಯೂಯಾರ್ಕ್‌ನ ಬೆಳಗಿನ 9 ಗಂಟೆ ಬೇಸಿಗೆಯಲ್ಲಿ ನಮಗೆ ಸಂಜೆ 6.30. ನವೆಂಬರ್‌ನಲ್ಲಿ ಅವರು ಗಡಿಯಾರ ಹಿಂದಕ್ಕೆ ತಿರುಗಿಸಿದ ಮೇಲೆ 7.30. ನಮ್ಮ ಹುಡುಗಿಯೊಬ್ಬಳು 6.30ಕ್ಕೇ ಕೂತು, ಯಾರೂ ಬರಲಿಲ್ಲವೆಂದು ಎದ್ದುಹೋಗಿ ಆ ದಿನದ ಕ್ಲಾಸ್ ಕಳೆದುಕೊಂಡಳು. ಕರೆಂಟ್ ಹೋದರೆ ಎಂದು ಫೋನ್ ಮೊದಲೇ ಚಾರ್ಜ್ ಮಾಡಿಡಿ.

ಮೊದಲ ಮೀಟಿಂಗ್‌ನಲ್ಲಿ ಇಂಗ್ಲಿಷ್ ತೊದಲಿದರೂ ಅಂಜಬೇಡಿ. ನಿಮ್ಮ ಗ್ರಾಫ್ ತೋರಿಸಿ, 0.5ರ ಬದಲು 0.3 ಅಥವಾ 0.8 ಹಾಕಿದರೆ ಏನಾಯಿತು ಎಂದು ವಹಿಯಲ್ಲಿ ಬರೆದದ್ದನ್ನು ಓದಿ. ಮುಂದಿನ ವಾರಕ್ಕೆ ಡಿಡಿಒ 154 ಕೇಳಿ ತೆಗೆದುಕೊಳ್ಳಿ. ಪುಟ್ಟ ಗ್ಯಾಲಕ್ಸಿ, ನಕ್ಷತ್ರ ಕಡಿಮೆ, ಅನಿಲ ಜಾಸ್ತಿ. ಅಲ್ಲಿ 0.5ರ ತಕರಾರೇ ಹೆಚ್ಚು ಕಾಡುವುದಿಲ್ಲ.