ತೈಲದ ಸುದ್ದಿ ಓದಿ ಲಾರಿ ಬಾಡಿಗೆ ಮಾತಾಡುವುದು

ಮಂಗಳೂರಿನ ಬೈಕಂಪಾಡಿಯಲ್ಲಿ ನನ್ನದು ಎರಡು ಲಾರಿ. ಬಾಡಿಗೆಯನ್ನು ತಿಂಗಳಿಗೆ ಮೊದಲೇ ಮಾತಾಡಿಕೊಳ್ಳುತ್ತೇನೆ. ಹೊಸದಾಗಿ ಲಾರಿ ಇಳಿಸಿದವರು "ಅಣ್ಣಾ, ಯುದ್ಧ ಅಂತಿದ್ದಾರಲ್ಲ, ರೇಟು ಏರಿಸ್ಲಾ?" ಅಂತ ಕೇಳುತ್ತಾರೆ. ಸುಮ್ನೆ ಏರಿಸಬೇಡಿ.

ಮೊದಲು ನೋಡಬೇಕಾದ್ದು, ತೈಲ ನಿಜಕ್ಕೂ ನಿಂತಿದೆಯಾ, ಬರೀ ಹೆದರಿಕೆಯಾ? 2019ರ ಸೆಪ್ಟೆಂಬರ್ 14ರಂದು ಸೌದಿಯ ಅಬ್ಕೈಕ್ ತೈಲ ಸಂಸ್ಕರಣಾ ಘಟಕದ ಮೇಲೆ ದಾಳಿ ಆಯಿತು. ಸೌದಿಯ ಉತ್ಪಾದನೆ ಅರ್ಧಕ್ಕಿಳಿಯಿತು. ಸೋಮವಾರ ಬ್ರೆಂಟ್ ದರ, ಅಂದರೆ ಕಚ್ಚಾ ತೈಲದ ಅಂತರರಾಷ್ಟ್ರೀಯ ದರ, ಒಂದೇ ದಿನ ಸುಮಾರು ಶೇ 15ರಷ್ಟು ಏರಿತು. ನಾನು ಗಾಬರಿಯಾಗಿ ಬಾಡಿಗೆ ಏರಿಸಿದೆ. ಹಳೆಯ ಗಿರಾಕಿಯೊಬ್ಬರು ಬೇರೆ ಲಾರಿ ನೋಡಿಕೊಂಡರು. ಸೌದಿಯವರು ದಾಸ್ತಾನಿನಿಂದ ತೈಲ ಕೊಟ್ಟರು, ಘಟಕವನ್ನೂ ಬೇಗ ರಿಪೇರಿ ಮಾಡಿದರು. ತಿಂಗಳ ಕೊನೆಗೆ ದರ ಹೆಚ್ಚುಕಡಿಮೆ ಹಳೆ ಜಾಗಕ್ಕೇ ಬಂದಿತ್ತು. ಆ ಗಿರಾಕಿ ಮಾತ್ರ ವಾಪಸ್ ಬರಲಿಲ್ಲ. ಅಂದಿನಿಂದ ದರ ನೋಡುವ ಮೊದಲು ಎಷ್ಟು ಬ್ಯಾರೆಲ್ ಕಡಿಮೆಯಾಗಿದೆ, ಎಷ್ಟು ದಿನಕ್ಕೆ ಅಂತ ಹುಡುಕುತ್ತೇನೆ.

ಆಮೇಲೆ ಮ್ಯಾಪ್ ತೆರೆಯಿರಿ. ಇರಾನ್ ಮತ್ತು ಒಮಾನ್ ನಡುವಿನ ಹಾರ್ಮುಜ್ ಜಲಸಂಧಿಯಲ್ಲಿ 2024ರಲ್ಲಿ ದಿನಕ್ಕೆ ಸುಮಾರು 2 ಕೋಟಿ ಬ್ಯಾರೆಲ್ ಸಾಗಿತು. ಪ್ರಪಂಚ ಬಳಸುವುದರಲ್ಲಿ ಅದು ಐದನೇ ಒಂದು ಪಾಲು. ಹಾರ್ಮುಜ್ ಬಿಟ್ಟು ತೈಲ ಸಾಗಿಸಲು ಸೌದಿಗೆ ಯಾನ್ಬು ಬಂದರಿನವರೆಗೆ, ಯುಎಇಗೆ ಫುಜೈರಾ ಬಂದರಿನವರೆಗೆ ಪೈಪ್‌ಲೈನ್ ಇದೆ. ಎರಡೂ ಸೇರಿದರೂ ಅಷ್ಟನ್ನು ಹೊರಲಾರವು. ನಮ್ಮ ಮಂಗಳೂರು, ಪಾದೂರು, ಮತ್ತೆ ವಿಶಾಖಪಟ್ಟಣದ ಬಂಡೆಗವಿಗಳಲ್ಲಿ ಸರ್ಕಾರ ತೈಲ ಕೂಡಿಡುತ್ತದೆ. ಮೂರೂ ತುಂಬಿದ್ದರೆ ದೇಶಕ್ಕೆ ಸುಮಾರು ಒಂಬತ್ತೂವರೆ ದಿನಕ್ಕಾಗುತ್ತದೆ, ಕಂಪನಿಗಳ ದಾಸ್ತಾನು ಬೇರೆ. ಹಾಗಾಗಿ ಹಾರ್ಮುಜ್‌ನಲ್ಲಿ ಹಡಗು ನಿಂತಿವೆ ಅಂದರೆ ಹೊಸ ಬಾಡಿಗೆ ಒಪ್ಪಿಕೊಳ್ಳಬೇಡಿ, ಒಂದು ವಾರ ತಡೆಯಿರಿ. ಕೆಂಪು ಸಮುದ್ರದ ಕಥೆ ಬೇರೆ. 2023ರ ಕೊನೆಗೆ ಯೆಮೆನ್‌ನ ಬಂಡುಕೋರರಾದ ಹೌತಿಗಳು ಅಲ್ಲಿ ಹಡಗುಗಳ ಮೇಲೆ ದಾಳಿ ಶುರುಮಾಡಿದಾಗ ಹಡಗುಗಳು ಆಫ್ರಿಕಾ ಸುತ್ತಿ ಬಂದವು. ದಾರಿ ಉದ್ದವಾಯಿತು, ತೈಲ ನಿಲ್ಲಲಿಲ್ಲ.

ಇಷ್ಟಾದರೂ ನಾವು ದುಡ್ಡು ಕೊಡುವುದು ಬಂಕ್‌ನಲ್ಲಿ ಅಲ್ವಾ? 2022ರ ಮೇ ನಂತರ 2024ರ ಮಾರ್ಚ್‌ವರೆಗೆ ಕಚ್ಚಾ ತೈಲ ಎಷ್ಟೋ ಸಲ ಏರಿ ಇಳಿಯಿತು, ಬಂಕ್ ದರ ಹೆಚ್ಚಾಗಿ ಅಲ್ಲಾಡಲಿಲ್ಲ. 2024ರ ಜೂನ್‌ನಲ್ಲಿ ರಾಜ್ಯ ಮಾರಾಟ ತೆರಿಗೆ ಏರಿಸಿದಾಗ ಡೀಸೆಲ್ ಒಮ್ಮೆಲೇ ಸುಮಾರು 3 ರೂಪಾಯಿ ಜಾಸ್ತಿಯಾಯಿತು. ತೆರಿಗೆ ಸುದ್ದಿಯನ್ನೂ ಬಿಡದೆ ಓದಿ.

ಲೆಕ್ಕ ಹೀಗೆ ಹಾಕಿ. ಬೆಂಗಳೂರಿಗೆ ಹೋಗಿ ಬರಲು ಸುಮಾರು 700 ಕಿ.ಮೀ. ನನ್ನ ಲಾರಿ ಲೀಟರಿಗೆ 4 ಕಿ.ಮೀ. ಕೊಡುತ್ತದೆ, ಅಂದರೆ 175 ಲೀಟರ್. 3 ರೂಪಾಯಿ ಏರಿದರೆ ಟ್ರಿಪ್‌ಗೆ 525 ರೂಪಾಯಿ. ಬಾಡಿಗೆ ಮಾತಾದ ದಿನದ ಡೀಸೆಲ್ ದರವನ್ನು ಕಾಗದದಲ್ಲಿ ಬರೆಸಿಕೊಳ್ಳಿ. 2 ರೂಪಾಯಿಗಿಂತ ಜಾಸ್ತಿ ಏರಿದರೆ ಬಾಡಿಗೆ ಏರುತ್ತದೆ, ಇಳಿದರೆ ಇಳಿಯುತ್ತದೆ ಅಂತಲೂ ಬರೆಯಿರಿ. ಇಳಿಯುತ್ತದೆ ಅನ್ನುವುದನ್ನು ನೀವೇ ಮೊದಲು ಹೇಳಿ, ಗಿರಾಕಿ ಬೇಗ ಒಪ್ಪುತ್ತಾರೆ.