ಸಿನಿಮಾ ರಾಗ ಆರಾಧನೆಗೆ ಬರಬಹುದಾ? ನಮ್ಮ ಕೊಯರ್‌ನಲ್ಲಿ ನಾನು ಮಾಡುತ್ತಿರುವುದು

ಉಡುಪಿ ಕಡೆಯ ಒಂದು ಕನ್ನಡ ಕ್ರೈಸ್ತ ಸಭೆಯಲ್ಲಿ ನಾನು ಕೊಯರ್, ಅಂದರೆ ಆರಾಧನೆಯ ಹಾಡಿನ ತಂಡ, ನಡೆಸುತ್ತೇನೆ. ಕ್ರಿಸ್ಮಸ್ ಹತ್ತಿರ ಬಂದರೆ ಯುವಕರದ್ದು ಒಂದೇ ಪ್ರಶ್ನೆ, ಈ ಸಿನಿಮಾ ಹಾಡಿನ ರಾಗಕ್ಕೆ ಯೇಸುವಿನ ಮಾತು ಹಾಕಿ ಹಾಡೋಣವಾ ಅಂತ. ಕೆಲವು ಹಿರಿಯರು ರಾಗ ಕೇಳುವ ಮೊದಲೇ ಬೇಡ ಅನ್ನುತ್ತಾರೆ. ರಾಗ ಹುಟ್ಟಿದ್ದು ಎಲ್ಲಿ ಅಂತ ನಾನು ಜಾಸ್ತಿ ತಲೆ ಕೆಡಿಸಿಕೊಳ್ಳುವುದಿಲ್ಲ. ಹಾಡುವಾಗ ಸಭೆಯ ತಲೆಯಲ್ಲಿ ಯಾವ ಮಾತು ಓಡುತ್ತದೆ ಅಂತ ನೋಡುತ್ತೇನೆ.

1834ರಲ್ಲಿ ಬಾಸೆಲ್ ಮಿಷನ್ ಎಂಬ ಕ್ರೈಸ್ತ ಮಿಷನರಿ ಸಂಸ್ಥೆಯವರು ಮಂಗಳೂರಿಗೆ ಬಂದ ಮೇಲೆ ಜರ್ಮನ್ ರಾಗಗಳೂ ನಮ್ಮ ಕರಾವಳಿಗೆ ಬಂದವು. ಶುಭ ಶುಕ್ರವಾರ ನಾವು ಕಣ್ಣು ತುಂಬಿಕೊಂಡು ಹಾಡುವ, ಮುಳ್ಳಿನ ಕಿರೀಟದ ಆ ಹಾಡಿನ ರಾಗ ಇದೆಯಲ್ಲ, ಅದನ್ನು 1601ರಲ್ಲಿ ಹಾನ್ಸ್ ಲಿಯೋ ಹಾಸ್ಲರ್ ಎಂಬ ಜರ್ಮನ್ ಸಂಗೀತಗಾರ ಪ್ರಕಟಿಸಿದ್ದು ಒಂದು ಪ್ರೇಮಗೀತೆಗೆ. ಯುವಕರು ಇದನ್ನು ಕೇಳಿದ ಕೂಡಲೇ ನೋಡಿ, ನಾವು ಹೇಳಿದ್ದೇ ಸರಿ ಅನ್ನುತ್ತಾರೆ. ಆಗ ನಾನು ಜರ್ಮನಿಯ ಧರ್ಮಸುಧಾರಕ ಮಾರ್ಟಿನ್ ಲೂಥರ್ ಕಥೆಯನ್ನೂ ಹೇಳುತ್ತೇನೆ. ಅವನ ಒಂದು ಕ್ರಿಸ್ಮಸ್ ಹಾಡು 1535ರಲ್ಲಿ ಜನ ಹಾಡುತ್ತಿದ್ದ ಒಂದು ಒಗಟಿನ ಹಾಡಿನ ರಾಗದಲ್ಲಿ ಬಂತು, 1539ಕ್ಕೆ ಅದಕ್ಕೆ ಬೇರೆಯೇ ರಾಗ ಬಂತು. ಹಾಸ್ಲರ್‌ನ ರಾಗ ಕೂಡ ಹಾಗೇ ಉಳಿಯಲಿಲ್ಲ, ಅದರ ಕುಣಿಯುವ ಲಯ ಕಾಲ ಹೋದಂತೆ ನಿಧಾನವಾಗಿ ಸಮ ಆಯಿತು. ಈಗ ಆ ಪ್ರೇಮಗೀತೆ ಸಭೆಯಲ್ಲಿ ಯಾರಿಗೂ ನೆನಪಿಲ್ಲ. ಹೋದ ವರ್ಷದ ಸಿನಿಮಾ ಹಾಡು ಹಾಗಲ್ಲ, ಅಲ್ವಾ?

ಅದಕ್ಕೇ ಯಾರಾದರೂ ರಾಗ ತಂದರೆ ಮೊದಲು ಕೀಬೋರ್ಡ್‌ನಲ್ಲಿ ಮಾತಿಲ್ಲದೆ, ರಿದಮ್ ಹಾಕದೆ ಸುಮ್ನೆ ನುಡಿಸುತ್ತೇನೆ. ಮಹಿಳಾ ಕೂಟದ ಒಂದಿಬ್ಬರನ್ನೂ ಭಾನುವಾರ ಶಾಲೆಯ ಮಕ್ಕಳನ್ನೂ ಹತ್ತಿರ ಕೂರಿಸಿಕೊಳ್ಳುತ್ತೇನೆ. ಮಕ್ಕಳ ತುಟಿ ಅಲ್ಲಾಡಿ ಸಿನಿಮಾದ ಸಾಲು ಹೊರಗೆ ಬಂದರೆ ಆ ರಾಗ ಅಲ್ಲಿಗೇ ಬಿಡುತ್ತೇನೆ. ಪ್ರಾರ್ಥನೆಯ ಮಾತಿನ ಕೆಳಗೆ ಇನ್ನೊಂದು ಹಾಡು ಓಡುತ್ತಾ ಇದ್ದರೆ ಅದು ಆರಾಧನೆಗೆ ಅಡ್ಡಿಯೇ.

ಅಲ್ಲಿ ಪಾಸಾದರೂ ಕೆಲಸ ಬಾಕಿ ಇರುತ್ತದೆ. ಸಿನಿಮಾ ಹಾಡು ಒಬ್ಬ ಪಳಗಿದ ಗಾಯಕನಿಗಾಗಿ, ಮೈಕಿಗಾಗಿ ಮಾಡಿದ್ದು. ಪಲ್ಲವಿ ಕೆಳಗೆ ಇರುತ್ತದೆ, ಚರಣ ಒಮ್ಮೆಗೇ ಮೇಲಿನ ಷಡ್ಜಕ್ಕೆ ಹಾರುತ್ತದೆ, ಹಿಂದಿನ ಬೆಂಚಿನ ಅಜ್ಜ ಅಲ್ಲಿ ಬಾಯಿ ಮುಚ್ಚುತ್ತಾರೆ. ಮೇಲಿನ ಸ್ವರ ಕೀಬೋರ್ಡಿನ ಡಿ (D) ದಾಟದ ಹಾಗೆ ಶ್ರುತಿ ಇಳಿಸುತ್ತೇನೆ, ನಡುವಿನ ಬಿಜಿಎಂ ಪೂರಾ ತೆಗೆಯುತ್ತೇನೆ, ಯಾಕೆಂದರೆ ಅಷ್ಟು ಹೊತ್ತು ಸಭೆ ಪುಸ್ತಕ ಹಿಡಿದು ನಿಂತು ಕೊಯರ್ ಮುಖ ನೋಡುವುದು ನನಗೆ ಇಷ್ಟ ಇಲ್ಲ. ಆಮೇಲೆ ಮಾತು. 'ಕರುಣೆ'ಯಲ್ಲಿ ಮೂರೂ ಅಕ್ಷರ ಗಿಡ್ಡ. ರಾಗದಲ್ಲಿ ಎರಡನೇ ಸ್ವರ ಎಳೆದರೆ ಅದು 'ಕರೂಣೆ' ಆಗುತ್ತದೆ, ಕೇಳಲಿಕ್ಕೆ ಆಗುವುದಿಲ್ಲ. ಅಲ್ಲಿ 'ದಯಾಳು' ಹಾಕಿದರೆ ಸರಿಯಾಗಿ ಕೂರುತ್ತದೆ. ಇಂಥ ಒಂದು ಸಾಲಿಗಾಗಿ ಇಡೀ ಸಂಜೆ ಕೂತಿದ್ದೇವೆ.

ನನಗೆ ತುಂಬಾ ಖುಷಿ ಕೊಟ್ಟದ್ದು ಸಿನಿಮಾ ರಾಗ ಅಲ್ಲ, ತುಳುವಿನ ಓಬೇಲೆ. ನಾಟಿ ಗದ್ದೆಯಲ್ಲಿ ಹೆಂಗಸರು ನೇಜಿ ನೆಡುತ್ತಾ ಹಾಡುವುದು, ಒಬ್ಬಳು ಹೇಳಿದ್ದಕ್ಕೆ ಉಳಿದವರೆಲ್ಲ ದನಿ ಕೂಡಿಸುತ್ತಾರೆ. ಬೆಳೆ ಹಬ್ಬಕ್ಕೆ ಅದೇ ಧಾಟಿಯಲ್ಲಿ ಸ್ತೋತ್ರದ ಸಾಲು ಕಟ್ಟಿದೆವು. ಪುಸ್ತಕ ಬೇಕಾಗಲಿಲ್ಲ, ಅಕ್ಷರ ಬಾರದ ಹಿರಿಯರೂ ಎರಡನೇ ಸಲಕ್ಕೆ ಸೇರಿಕೊಂಡರು, ಕಾಣಿಕೆ ತಂದ ಬೆಳೆಯ ಏಲಂ ನಡೆಯುವಾಗ ತೆಂಗಿನಕಾಯಿ ಗೊನೆ ಹಿಡಿದವರ ಬಾಯಲ್ಲೂ ಅದೇ ಇತ್ತು. ದೈವದ ಕಥೆ ಹೇಳುವ ಹಾಡಾದ ಪಾಡ್ದನದ ಧಾಟಿಯನ್ನು ಮಾತ್ರ ಮುಟ್ಟಲಿಲ್ಲ. ಅದು ದೈವದ ಆರಾಧನೆಯಾದ ಕೋಲಕ್ಕೆ ಸೇರಿದ್ದು, ನೆರೆಯವರ ನಂಬಿಕೆ. ಅದನ್ನು ತಂದು ಮಾತು ಬದಲಿಸುವುದು ಸರಿಯಲ್ಲ ಅಂತಲೇ ನನ್ನ ಅಭಿಪ್ರಾಯ.

ಮದುವೆಗೆ ವಧು ಒಳಗೆ ಬರುವಾಗ ಸಿನಿಮಾ ಹಾಡು ಬೇಕು ಅನ್ನುವವರಿಗೆ, ಹಾಲ್‌ನಲ್ಲಿ ಎಷ್ಟು ಬೇಕಾದರೂ ನುಡಿಸುತ್ತೇವೆ, ದೇವಾಲಯದಲ್ಲಿ, ಅಂದರೆ ಚರ್ಚಿನೊಳಗೆ, ಇಲ್ಲ ಅಂತ ಹೇಳುತ್ತೇನೆ. ಸಾವಿನ ಮನೆಯಲ್ಲಿ ಹಾಗೆ ಹೇಳುವುದು ಕಷ್ಟ. ಒಮ್ಮೆ ಒಂದು ಮನೆಯವರು, ತೀರಿಕೊಂಡವರಿಗೆ ಇಷ್ಟವಾದ ಹಳೇ ಸಿನಿಮಾ ಹಾಡು ಹಾಡಬಹುದಾ ಅಂತ ಕೇಳಿದರು. ಅಯ್ಯನವರ (ಸಭೆಯ ಪಾದ್ರಿಯ) ಹತ್ತಿರ ಮಾತಾಡಿ, ಅಂಗಳದಲ್ಲೇ, ಪ್ರಾರ್ಥನೆ ಶುರುವಾಗುವ ಮೊದಲು ಹಾಡಿಸಿದೆವು. ಅವರ ತಮ್ಮ ಶಾಮಿಯಾನದ ಕಂಬ ಹಿಡಿದುಕೊಂಡು ಎರಡನೇ ಚರಣದವರೆಗೂ ಹಾಡಿದರು. ದೇವಾಲಯದಲ್ಲೂ ಸಮಾಧಿಯ ಹತ್ತಿರವೂ ಗೀತೆಪುಸ್ತಕದ ಹಾಡುಗಳೇ.

ಈಗ ಆರಾಧನೆ ಆನ್‌ಲೈನ್‌ನಲ್ಲೂ ಹೋಗುವುದರಿಂದ ರಾಗದ ಹಕ್ಕಿನ ಪ್ರಶ್ನೆಯೂ ಇದೆ. ಇನ್ನೊಬ್ಬರ ದುಡಿಮೆಯನ್ನು ಕೇಳದೆ ತೆಗೆದುಕೊಳ್ಳುವುದು ಬೇಡ. ಹಾಗಾಗಿ ಯುವಕರಿಗೆ ಈ ಸಲ ಹೇಳಿದ್ದೇನೆ: ಗಿಟಾರ್ ತನ್ನಿ, ಕೂತು ಬಾರಿಸುವ ಪೆಟ್ಟಿಗೆ ವಾದ್ಯ ಕಹೋನ್ ತನ್ನಿ, ನಿಮಗೆ ಇಷ್ಟವಾದ ಲಯವನ್ನೇ ಇಟ್ಟುಕೊಳ್ಳಿ, ರಾಗ ಮಾತ್ರ ನೀವೇ ಕಟ್ಟಿ. ಒಂದು ಪಲ್ಲವಿ ಆಗಿದೆ, ಚರಣ ಇನ್ನೂ ಸ್ವಲ್ಪ ಎತ್ತರ ಹೋಗುತ್ತಿದೆ. ಶನಿವಾರದ ಪ್ರಾಕ್ಟೀಸ್‌ನಲ್ಲಿ ಇಳಿಸಬೇಕು.