ಟಿಫಿನ್ ಬ್ಯಾಗಿನಲ್ಲಿ ಇಂಜೆಕ್ಷನ್: ನಾನು ಐವಿಎಫ್ ಕಾಮಿಕ್ಸ್ ಬರೆದದ್ದು

ಮೊದಲ ಹನ್ನೆರಡು ಪುಟ ಹರಿದು ಹಾಕಿದ್ದೇನೆ. ಎಲ್ಲ ಚೌಕದಲ್ಲೂ ನಾನೇ, ಎಲ್ಲದರಲ್ಲೂ ಅಳುತ್ತಿದ್ದೇನೆ, ಒಂದೊಂದು ಹನಿಯೂ ನೆಲಗಡಲೆಯಷ್ಟು ದಪ್ಪ. ಗಂಡ ನೋಡಿ "ಇದೆಂತ, ಸೀರಿಯಲ್ಲಾ?" ಅಂದರು. ಸಿಟ್ಟು ಬಂತು, ಆದರೆ ಅವರು ಹೇಳಿದ್ದು ಸರಿ ಇತ್ತು. ಐವಿಎಫ್, ಅಂದರೆ ಅಂಡ ಹೊರತೆಗೆದು ಲ್ಯಾಬಿನಲ್ಲಿ ಭ್ರೂಣ ಮಾಡಿ ಒಳಗೆ ಬಿಡುವ ಚಿಕಿತ್ಸೆ, ನಡೆಯುವಾಗ ನಾನು ಅಷ್ಟೇನೂ ಅತ್ತಿರಲಿಲ್ಲ, ಅಳಲು ಪುರುಸೊತ್ತು ಬೇಕಲ್ವಾ?

ಹಾಗಾದರೆ ಏನಿತ್ತು ಅಂತ ಕೂತು ಯೋಚಿಸಿದಾಗ ನೆನಪಾದದ್ದು ಟಿಫಿನ್ ಬ್ಯಾಗು. ಮನೆ ಉಡುಪಿಯಲ್ಲಿ, ಚಿಕಿತ್ಸೆ ಮಂಗಳೂರಿನಲ್ಲಿ. ಅಂಡ ಬೆಳೆಸುವ ಇಂಜೆಕ್ಷನ್‌ ಅನ್ನು 2ರಿಂದ 8 ಡಿಗ್ರಿ ತಂಪಿನಲ್ಲಿ ಇಡಬೇಕು ಅಂದಿದ್ದರು. ಐಸ್ ಪ್ಯಾಕ್ ಜೊತೆ ಬ್ಯಾಗಿಗೆ ಹಾಕಿ, ಎಕ್ಸ್‌ಪ್ರೆಸ್ ಬಸ್ಸಲ್ಲಿ ಮಡಿಲಲ್ಲಿಟ್ಟುಕೊಂಡು ಬರುತ್ತಿದ್ದೆ. ಮುಲ್ಕಿ ದಾಟುವಷ್ಟರಲ್ಲಿ ಚೂಡಿದಾರ ಒದ್ದೆ. ಪಕ್ಕದಲ್ಲಿ ಕೂತವರು "ಮೀನಾ?" ಅಂತ ಕೇಳಿದರು. "ಹೌದು, ಬಂಗುಡೆ" ಅಂದೆ. ಅದೇ ನನ್ನ ಮೊದಲ ಪುಟ ಆಯಿತು. ಮುಖ ಇಲ್ಲ, ಬರೀ ಬ್ಯಾಗು, ಮಡಿಲು, ಎರಡು ಮಾತು.

ಆಮೇಲೆ ಒಂದು ನಿಯಮ ಮಾಡಿಕೊಂಡೆ: ನನ್ನ ಮುಖ ಬಿಡಿಸುವುದಿಲ್ಲ. ಅಂಡವನ್ನು ಕೊನೆಗೆ ಮಾಗಿಸುವ ಟ್ರಿಗರ್ ಇಂಜೆಕ್ಷನ್ ಶನಿವಾರ ರಾತ್ರಿ 10.30ಕ್ಕೆ ಸರಿಯಾಗಿ ಕೊಡಬೇಕಿತ್ತು, ಯಾಕೆಂದರೆ ಸುಮಾರು 36 ಗಂಟೆ ಬಿಟ್ಟು, ಅಂದರೆ ಸೋಮವಾರ ಬೆಳಿಗ್ಗೆ ಪಿಕಪ್, ಅಂಡ ಹೊರತೆಗೆಯುವುದು. ಹೆಚ್ಚುಕಮ್ಮಿ ಆದರೆ ಅಷ್ಟು ದಿನದ್ದು ನೀರಲ್ಲಿ ಹೋಮ. ಆ ರಾತ್ರಿ ಹಿಂದಿನ ಗದ್ದೆಯಲ್ಲಿ ಯಕ್ಷಗಾನ. ಗಡಿಯಾರ, ಸೂಜಿ, ಹೊಟ್ಟೆಯ ಮೇಲೆ ಗಂಡನ ನಡುಗುವ ಬೆರಳು ಬಿಡಿಸಿ, ಉಳಿದ ಜಾಗದಲ್ಲೆಲ್ಲ ಚೆಂಡೆಯ ಸದ್ದನ್ನು ದಪ್ಪ ಅಕ್ಷರದಲ್ಲಿ ತುಂಬಿಸಿದೆ.

ಭ್ರೂಣ ಒಳಗೆ ಬಿಟ್ಟ ಮೇಲೆ, ಗರ್ಭ ನಿಂತಿದೆಯಾ ಅಂತ ನೋಡುವ ರಕ್ತ ಪರೀಕ್ಷೆಗೆ ನಮಗೆ ಹೇಳಿದ್ದು 14 ದಿನ. ಅದಕ್ಕೆ ಒಂದೇ ಅಳತೆಯ 14 ಚೌಕ, ಎಲ್ಲದರಲ್ಲೂ ಅದೇ ಕಿಟಕಿ, ಅದೇ ಬಟ್ಟೆ ಒಣಗಿಸುವ ಹಗ್ಗ. ಬಟ್ಟೆ ಮಾತ್ರ ಬದಲಾಗುತ್ತದೆ. ಬರೆದು ಹೇಳಲು ಹೋಗಿದ್ದರೆ "ದಿನ ಕಳೆಯುವುದೇ ಕಷ್ಟ ಆಯಿತು" ಅನ್ನುತ್ತಿದ್ದೆ, ಓದುವವರು ಒಂದು ಸೆಕೆಂಡಲ್ಲಿ ದಾಟಿ ಹೋಗುತ್ತಿದ್ದರು.

ಕಷ್ಟ ಕೊಟ್ಟದ್ದು ನಮ್ಮ ಅಕ್ಷರ. ಇಂಗ್ಲಿಷ್ ಕಾಮಿಕ್ಸ್ ನೋಡಿ, ಮಾತು ಬರೆಯುವ ಗುಳ್ಳೆ ಮೊದಲು ಬಿಡಿಸಿ ಮಾತು ಆಮೇಲೆ ಬರೆದೆ. ಅವರ ದೊಡ್ಡಕ್ಷರಗಳಿಗೆ ಕೆಳಗೆ ಬಾಲ ಇಲ್ಲ, ಸಾಲು ಒತ್ತಾಗಿ ಕೂರುತ್ತದೆ. ನಮ್ಮ ಒತ್ತಕ್ಷರ ಕೆಳಗಿನ ಸಾಲಿನ ತಲೆ ಮೇಲೆ ಬೀಳುತ್ತದೆ, "ಮಾಡಿಸಿಕೊಳ್ಳಬೇಕಿತ್ತು" ಅಂತ ಬರೆದರೆ ಗುಳ್ಳೆಯೇ ಮುಗಿಯಿತು. ಈಗ ಮಾತು ಮೊದಲು, ಗುಳ್ಳೆ ಆಮೇಲೆ.

ಕಾಯಿಲೆ, ಆಸ್ಪತ್ರೆ ಬಗ್ಗೆ ಹೀಗೆ ಚಿತ್ರದಲ್ಲಿ ಹೇಳುವುದಕ್ಕೆ 'ಗ್ರಾಫಿಕ್ ಮೆಡಿಸಿನ್' ಅನ್ನುವ ಹೆಸರು ಇದೆ, 2007ರಲ್ಲಿ ಬ್ರಿಟನ್ನಿನ ವೈದ್ಯ ಇಯಾನ್ ವಿಲಿಯಮ್ಸ್ ಕೊಟ್ಟದ್ದು. ಅದು ಗೊತ್ತಾದದ್ದು ಅರ್ಧ ಮುಗಿಸಿದ ಮೇಲೆ. ಮಗು ಆಗದ ತನ್ನ ಕತೆಯನ್ನು ಕಾಮಿಕ್ಸ್ ಮಾಡಿ ಪೌಲಾ ನೈಟ್ ಅನ್ನುವ ಲೇಖಕಿ 2017ರಲ್ಲಿ ತಂದ ಪುಸ್ತಕ ಮಗುವಿನ ಫೋಟೋದಲ್ಲಿ ಮುಗಿಯುವುದಿಲ್ಲ ಅಂತ ತಿಳಿದಾಗ ಧೈರ್ಯ ಬಂತು. ನನ್ನದೂ ಹಾಗೆ ಮುಗಿಯುವುದಿಲ್ಲ.

ಮದುವೆ ಊಟದಲ್ಲಿ ಸಾರು ಬಡಿಸುತ್ತಾ "ವಿಶೇಷ ಉಂಟಾ?" ಅಂತ ಕೇಳುತ್ತಿದ್ದ ಚಿಕ್ಕಮ್ಮನನ್ನೂ ಬಿಡಿಸಿದ್ದೇನೆ. ಗುರುತು ಸಿಗಬಾರದು ಅಂತ ಬರೀ ಕೈ, ಸೌಟು, ಬಾಳೆಲೆ. ಮೊನ್ನೆ ಅವರೇ ಬಂದು ಪುಸ್ತಕ ಕೇಳಿದರು. ಕಿಟಕಿ ಪುಟದಲ್ಲಿ ಚೌಕಗಳನ್ನು ಬೆರಳಿಟ್ಟು ಒಂದೊಂದೇ ಎಣಿಸಿ, ಏನೂ ಹೇಳದೆ ಪುಟ ತಿರುಗಿಸಿದರು. ಸಾರಿನ ಪುಟಕ್ಕೆ ಬಂದು ತುಂಬಾ ಹೊತ್ತು ನೋಡಿದರು.

"ನನ್ನ ಕೈಯಲ್ಲಿ ಬಳೆ ನಾಲ್ಕು ಉಂಟು. ನೀನು ಎರಡೇ ಹಾಕಿದ್ದಿ."